ಮುಖ ವಾಸಿಯಾಗುವ ತನಕ

"ಹಲೋ... ಯಾರು ಮಾತಾಡೋದು?"

"ಹಾಂ, ಅಂಗಡೀನೇ. ಹೇಳಿ, ಎಷ್ಟು ಪ್ಯಾಕೆಟ್ ಕಟ್ಟಬೇಕು?..."

"ಓ, ಸಿಸ್ಟರಾ? ಆಸ್ಪತ್ರೆ ಸಿಸ್ಟರ್, ಚರ್ಮದ ವಿಭಾಗದವರು, ಅಲ್ವಾ?... ನಾನೇ, ನಾನೇ. ಚೀಟಿಯಲ್ಲಿ ಈ ನಂಬರ್ ಬರೆಸಿದ್ದು ನಾನೇ."

ಕರಿದ ಕೋಳಿ, ಕರಿದ ಆಲೂಗಡ್ಡೆ ಮಾರುವ ಅಂಗಡಿಯ ಅಡುಗೆಮನೆಯಲ್ಲಿ, ಹಿಂಬಾಗಿಲ ಪಕ್ಕದ ಗೋಡೆಗೆ ತಗಲಿಹಾಕಿದ ಫೋನು ಅದು. ಅದರ ಜೋಡಿ ಮುಂದೆ ಕೌಂಟರಿನ ಮೇಲಿದೆ. ಎರಡಕ್ಕೂ ಒಂದೇ ತಂತಿ. ಒಬ್ಬರು ಮಾತಾಡುತ್ತಿರುವಾಗ ಇನ್ನೊಬ್ಬರು ಎತ್ತಿದರೆ ಕಿವಿಯಲ್ಲಿ 'ಟಕ್' ಎನ್ನುತ್ತದೆ. ಕೆಲಸಕ್ಕೆ ಬಂದವರ ಮೊಬೈಲುಗಳೆಲ್ಲ ಸಂಜೆಯ ತನಕ ಮ್ಯಾನೇಜರನ ಕಪಾಟಿನಲ್ಲಿ ಬೀಗದೊಳಗಿರುವುದರಿಂದ ಫೋನೆತ್ತಿದ ಹುಡುಗಿ ಆಸ್ಪತ್ರೆಗೆ ಅಂಗಡಿಯ ನಂಬರನ್ನೇ ಕೊಟ್ಟು ಬಂದಿದ್ದಳು. ಈಗ ಮಧ್ಯಾಹ್ನ ಮೂರು ಗಂಟೆ, ಗಿರಾಕಿ ಕಡಿಮೆಯಾಗುವ ಹೊತ್ತು. ಅಡುಗೆಮನೆಯವರು ಅವಳನ್ನು 'ಕೌಂಟರ್' ಎಂದು ಕರೆಯುತ್ತಾರೆ. ಕೌಂಟರಿನಿಂದ ಒಳಗೆ ಬಂದು ಐದು ತಿಂಗಳಾದರೂ ಆ ಹೆಸರು ಅವಳನ್ನು ಬಿಟ್ಟಿಲ್ಲ.

"ಇಲ್ಲ ಸಿಸ್ಟರ್, ಮೊಡವೆ ಕಮ್ಮಿ ಆಗಿಲ್ಲ... ಜಾಸ್ತಿ ಅಂತಾನೂ ಹೇಳಕ್ಕಾಗಲ್ಲ. ಇತ್ತು, ಇದೆ."

"ನೋವಾ?... ಗೊತ್ತಾಗಲ್ಲ. ಮೊದ್ಲು ಆಗ್ತಿತ್ತು. ಈಗ ಬೇರೆ ಯಾರದೋ ಮುಖ ಹೊತ್ಕೊಂಡು ಓಡಾಡೋ ಹಾಗಿದೆ. ಭಾರ ಗೊತ್ತಾಗುತ್ತೆ, ನೋವು ಗೊತ್ತಾಗಲ್ಲ."

ಆರ್ಡರು ಓದಿ ಹೇಳುವ ದನಿಯಲ್ಲೇ ಅವಳು ಇದನ್ನೂ ಹೇಳಿದಳು. ಅಳು ಬರುತ್ತಿದ್ದ ಕಾಲ ಒಂದಿತ್ತು. ಅದು ಎರಡನೆಯ ತಿಂಗಳಿಗೇ ಮುಗಿದಿತ್ತು.

"ಇಪ್ಪತ್ತನಾಲ್ಕು... ಹಾಂ, ಮೊಡವೆ ವಯಸ್ಸು ದಾಟ್ತು ಅಂತ ನಾನೂ ಅಂದ್ಕೊಂಡಿದ್ದೆ. ಮೊಡವೆಗೆ ಯಾರೂ ಹೇಳಿಲ್ಲ ಅನ್ಸುತ್ತೆ."

"ಮುಟ್ಟು ತಿಂಗಳಿಗೆ ಸರಿಯಾಗೇ ಆಗುತ್ತೆ... ಗದ್ದದ ಮೇಲೆ ಕೂದಲಾ? ಇಲ್ಲ. ಬೇರೆ ಮಾತ್ರೆ ಏನೂ ನುಂಗ್ತಿಲ್ಲ... ಅಮ್ಮಂಗಾ? ಇತ್ತಂತೆ. ಹದಿನೆಂಟಕ್ಕೆಲ್ಲಾ ತಾನಾಗೇ ಹೋಯ್ತಂತೆ. ನಿಂಗ್ಯಾಕೆ ಹೋಗಲ್ಲ ಅಂತ ನನ್ನನ್ನೇ ಕೇಳ್ತಾಳೆ, ನಾನೇ ಕೂರಿಸ್ಕೊಂಡಿದೀನಿ ಅನ್ನೋ ಹಾಗೆ."

"ಹಚ್ಚಿದ್ದಾ?... ಏನು ಹಚ್ಚಿಲ್ಲ ಅಂತ ಕೇಳಿ. ನಿಂಬೆರಸ, ಜೇನುತುಪ್ಪ, ಹಲ್ಲುಜ್ಜೋ ಪೇಸ್ಟು, ಪಕ್ಕದ್ಮನೆ ಅತ್ತೆ ಕೊಟ್ಟ ಯಾವುದೋ ಬಿಳೀ ಪುಡಿ. ಮೊಡವೆ ಬಂದವಳ ಮುಂದೆ ಊರೆಲ್ಲಾ ಡಾಕ್ಟರೇ ಸಿಸ್ಟರ್. ಬಸ್ ಕಂಡಕ್ಟರ್ ಕೂಡ ನನ್ನ ಹೊಟ್ಟೆ ಸರಿಯಿಲ್ಲ ಅಂದ, ಚಿಲ್ಲರೆ ಕೊಡೋದು ಬಿಟ್ಟು."

"ತೊಳೆಯೋದಾ? ಏಳು ಸಲ... ಎಂಟೂ ಆಗುತ್ತೆ... ಸೋಪಲ್ಲ. ಅದು... ಇಲ್ಲಿ ಬಾಣಲೆ ತೊಳೆಯೋಕೆ ನೀಲಿ ನೀರು ಇಟ್ಟಿರ್ತಾರಲ್ಲ, ಡಬ್ಬದಲ್ಲಿ. ಅದೇ."

"..."

"ಹಾಂ, ಪಾತ್ರೆದು. ಮುಖಕ್ಕೇ. ಸೋಪಿಗೆ ಈ ಜಿಡ್ಡು ಬಗ್ಗಲ್ಲ ಸಿಸ್ಟರ್. ಬಾಣಲೆಗೆ ಹಾಕೋದ್ರಲ್ಲಿ ಸ್ಟೀಲ್ ನಾರೊಂದು ಬಾಕಿ, ಅಷ್ಟೇ... ಬೈರಿ, ಪರವಾಗಿಲ್ಲ. ಬೈಸ್ಕೊಂಡು ಅಭ್ಯಾಸ ಇದೆ."

ಮುಂದಿನ ಕೋಣೆಗೆ ಹೋಗುವ ತೂಗುಬಾಗಿಲು ಅಲುಗಾಡಿತು. ಮ್ಯಾನೇಜರು ಒಳಗೆ ಬಂದು, ಫ್ರೀಜರಿನ ಮುಚ್ಚಳ ಎತ್ತಿ ನೋಡಿ, ಅವಳ ಕಡೆ ಹುಬ್ಬು ಹಾರಿಸಿದ.

"ಆಯ್ತು ಸಾರ್, ಆಲೂಗಡ್ಡೆ ದೊಡ್ಡ ಪ್ಯಾಕೆಟ್ ನಾಲ್ಕು... ಖಾರದ ಪುಡಿ ಬೇರೆ ಕಟ್ಟಬೇಕಾ? ಬೇರೆನೇ ಕಟ್ತೀನಿ ಸಾರ್."

ಬಾಗಿಲು ಮತ್ತೆ ಅಲುಗಾಡಿ ಸುಮ್ಮನಾಯಿತು.

"ಇಲ್ಲ ಸಿಸ್ಟರ್, ತಲೆ ಕೆಟ್ಟಿಲ್ಲ. ಮ್ಯಾನೇಜರ್ ಬಂದಿದ್ರು, ಅದಕ್ಕೆ... ನೀವು ಹೇಳಿ. ನೀಲಿ ನೀರು ಬಿಟ್ಬಿಡಬೇಕು... ದಿನಕ್ಕೆ ಎರಡೇ ಸಲ, ಮೆತ್ತಗಿರೋ ಸೋಪು. ಉಜ್ಜಬಾರದು. ನಡುವೆ ಜಿಡ್ಡು ಅನ್ನಿಸಿದ್ರೆ ಒದ್ದೆ ಬಟ್ಟೆ ಒತ್ತಿ ತೆಗೀಬೇಕು. ಹಾಂ... ಹಿಂಡಬಾರದು, ಕಲೆ ಉಳಿಯುತ್ತೆ. ಗೊತ್ತು. ಗೊತ್ತಿದ್ರೂ ಕೈ ಹೋಗುತ್ತೆ."

"ಮುಲಾಮು ಮಲಗೋ ಮುಂಚೆ. ಕಡಲೆಕಾಳಷ್ಟು... ಅಷ್ಟರಲ್ಲೇ ಇಡೀ ಮುಖಕ್ಕಾ? ಒಂದೊಂದು ಮೊಡವೆಗೂ ಕಡಲೆಕಾಳಷ್ಟು ಅಂತ ತಿಳ್ಕೊಂಡೆ ನಾನು. ಟ್ಯೂಬು ಒಂಬತ್ತು ದಿನಕ್ಕೇ ಖಾಲಿ... ಓ, ಅದಕ್ಕೇನಾ ಉರೀತಿದ್ದಿದ್ದು. ಉರಿದ್ರೆ ಕೆಲಸ ಮಾಡ್ತಿದೆ ಅಂದ್ಕೊಂಡೆ."

"ಎಂಟು ವಾರನಾ?... ಹನ್ನೆರಡೂ ಆಗಬಹುದಾ. ಮೊದಮೊದಲು ಜಾಸ್ತಿಯಾದ ಹಾಗೆ ಕಾಣುತ್ತಾ... ಅಷ್ಟು ದಿನ ಇಲ್ಲ ಸಿಸ್ಟರ್. ನಂಗೆ ನಾಡಿದ್ದು ಶನಿವಾರಕ್ಕೇ ಆಗಬೇಕಿತ್ತು."

"ಮದುವೆ ಗಿದುವೆ ಏನಿಲ್ಲ. ಶನಿವಾರ ಮುಖ ನೋಡ್ತಾರೆ ಇಲ್ಲಿ. ಮ್ಯಾನೇಜರ್."

ಪ್ರತಿ ಶನಿವಾರ, ಬಾಗಿಲು ತೆರೆಯುವ ಮುಂಚೆ, ಮ್ಯಾನೇಜರು ಅವಳನ್ನು ಹಿಂಬಾಗಿಲ ಬೆಳಕಿನಲ್ಲಿ ನಿಲ್ಲಿಸುತ್ತಾನೆ. ಕೈಯಿಂದ ಮುಟ್ಟುವುದಿಲ್ಲ, ಅಷ್ಟರ ಮಟ್ಟಿಗೆ ಮರ್ಯಾದಸ್ಥ. ಪೆನ್ನಿನ ತುದಿಯನ್ನು ಗದ್ದಕ್ಕೆ ಕೊಟ್ಟು ಎತ್ತಿ, ಎಡಗೆನ್ನೆ, ಬಲಗೆನ್ನೆ, ಹಣೆ ನೋಡುತ್ತಾನೆ. ಮಾರುಕಟ್ಟೆಯಲ್ಲಿ ಹಣ್ಣು ಕೊಳ್ಳುವವರಿಗಾದರೂ ವಾಸನೆ ನೋಡುವ ತಾಳ್ಮೆ ಇರುತ್ತದೆ. ಇವನದು ಅರ್ಧ ನಿಮಿಷದ ಕೆಲಸ. "ಇನ್ನೊಂದು ವಾರ ನೋಡೋಣಮ್ಮ" ಎಂದು ಅದೇ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು ಹೋಗುತ್ತಾನೆ. ಮೊದಮೊದಲು ಅವಳು ಶುಕ್ರವಾರ ನಿದ್ದೆಗೆಡುತ್ತಿದ್ದಳು. ಈಗ ಅವನು ಎದುರು ಬಂದು ನಿಂತರೆ ಗದ್ದ ತಾನಾಗಿಯೇ ಮೇಲೆ ಹೋಗುತ್ತದೆ.

"ನಾನು ಕೌಂಟರಿನವಳು ಸಿಸ್ಟರ್. ಎರಡು ವರ್ಷ ಅಲ್ಲೇ ಇದ್ದೆ. ಒಬ್ಬ ಗಿರಾಕಿ ಅಂದನಂತೆ, ಈ ಮುಖ ನೋಡ್ತಾ ತಿನ್ನೋಕೆ ಮನಸ್ಸಾಗಲ್ಲ ಅಂತ. ಆಗ ಇದ್ದಿದ್ದು ಮೂರೋ ನಾಲ್ಕೋ, ಗದ್ದದ ಹತ್ರ. ಮ್ಯಾನೇಜರ್ ಒಳ್ಳೆ ಮಾತಲ್ಲೇ ಹೇಳಿದ್ರು, ಮುಖ ವಾಸಿಯಾಗೋ ತನಕ ಒಳಗಿರಮ್ಮ, ಆಮೇಲೆ ನಿನ್ನ ಜಾಗ ನಿನ್ನದೇ ಅಂತ... ಈಗ ಅಲ್ಲಿ ಹೊಸ ಹುಡುಗಿ. ಅವಳಿಗೂ ಹಣೆ ಮೇಲೆ ಒಂದೆದ್ದಿದೆ. ಗಂಟೆಗೊಂದು ಸಲ ಪೌಡರ್ ಬಳೀತಾಳೆ."

"ಒಳಗೆ ಅಂದ್ರೆ ಬಾಣಲೆ ಹತ್ರ... ಹಾಂ, ಕರಿಯೋದು. ದಿನಕ್ಕೆ ಹತ್ತು ಗಂಟೆ... ಎಣ್ಣೆ ಹೊಗೆ ಮುಖಕ್ಕೇ ಬರುತ್ತೆ, ಬಗ್ಗಿ ನೋಡ್ಬೇಕಲ್ಲ. ಹೊಗೆ ಎಳೆಯೋ ಫ್ಯಾನಿದೆ. ತಿರುಗಲ್ಲ. ನಾನು ಬಂದಾಗಿಂದ ತಿರುಗಿದ್ದು ನೋಡಿಲ್ಲ... ಟೋಪಿ ಹಾಕ್ತೀವಿ, ಪ್ಲಾಸ್ಟಿಕ್ಕಿಂದು. ಹರಿಯೋ ತನಕ ಒಂದೇ... ಹೌದು. ಹೌದು, ಟೋಪಿ ಎಲ್ಲಿ ಬಿಗಿಯುತ್ತೋ ಅಲ್ಲೇ, ಗೆರೆ ಎಳೆದ ಹಾಗೆ ಎದ್ದಿವೆ. ಕೆನ್ನೆ ಮೇಲೂ. ನಿಮಗೆ ಹೇಗೆ ಗೊತ್ತಾಯ್ತು?"

"..."

"ಇನ್ನೊಂದು ಸಲ ಹೇಳಿ ಸಿಸ್ಟರ್."

"..."

"ಮೊದಲಿದ್ದ ಮೂರು ನಾಲ್ಕು ಮೊಡವೆ ವಯಸ್ಸಿಂದೋ, ಅಮ್ಮನ ಕಡೆಯಿಂದೋ ಬಂದಿರಬಹುದು. ಆಮೇಲಿಂದು ಎಣ್ಣೆ, ಟೋಪಿ, ನೀಲಿ ನೀರು... ಅಂದ್ರೆ ಮೊಡವೆ ಇದೆ ಅಂತ ಬಾಣಲೆ ಹತ್ರ ಹಾಕಿದ್ರು. ಬಾಣಲೆ ಹತ್ರ ಇದೀನಿ ಅಂತ ಮೊಡವೆ ಹೋಗ್ತಿಲ್ಲ. ಮೊಡವೆ ಹೋಗಿಲ್ಲ ಅಂತ ಮತ್ತೆ... ಹಾಂ. ತಿಳೀತು."

"ನಮ್ಮಜ್ಜಿ ಒಂದು ಗಾದೆ ಹೇಳ್ತಿದ್ಳು ಸಿಸ್ಟರ್, ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಅಂತ. ನಾನು ಐದು ತಿಂಗಳಿಂದ ಆ ಗಾದೆಯೊಳಗೇ ನಿಂತು ಆಲೂಗಡ್ಡೆ ಕರೀತಿದೀನಿ."

ಆ ಕಡೆಯಿಂದ ನಗು ಬರಲಿಲ್ಲ. ಇವಳೂ ನಗಿಸಲೆಂದು ಹೇಳಿರಲಿಲ್ಲ. ಸಿಟ್ಟು ಬರಬೇಕಾದ ಜಾಗದಲ್ಲಿ ಏನಾದರೂ ಬರುತ್ತದೆಯೇ ಎಂದು ಒಂದು ಕ್ಷಣ ಕಾದಳು. ಏನೂ ಬರಲಿಲ್ಲ. ಹಿಂದೆ ಮರದ ಹಲಗೆಯ ಮೇಲೆ ಚಾಕುವಿನ ಸದ್ದು ಮಾತ್ರ ಒಂದೇ ಸಮ ಬೀಳುತ್ತಿತ್ತು. ಅಲ್ಲಿ ದೊಡ್ಡಕ್ಕ ಆಲೂಗಡ್ಡೆ ಹೆಚ್ಚುತ್ತಿದ್ದಳು. ಅಡುಗೆಮನೆಯ ಹಿರಿಯಾಕೆ, ಎರಡೂ ಕೆನ್ನೆಗಳಲ್ಲಿ ಬೆರಳತುದಿ ಒತ್ತಿ ತೆಗೆದಂಥ ಕುಳಿಗಳು. ಯಾವುದೋ ಕಾಲದ ಕಾಯಿಲೆ ಇರಬೇಕೆಂದು ಹುಡುಗಿ ಯಾವತ್ತೂ ಕೇಳಿರಲಿಲ್ಲ.

"ಇಲ್ಲಿ ಬೇರೆ ಯಾರಿಗಾದ್ರೂ ಅಂತಾನಾ?... ಒಂದ್ನಿಮಿಷ ಸಿಸ್ಟರ್, ಲೈನಲ್ಲೇ ಇರಿ."

"ದೊಡ್ಡಕ್ಕ, ನಿಮಗೂ ಮೊಡವೆ ಇತ್ತಾ?"

ದೊಡ್ಡಕ್ಕ ಚಾಕು ನಿಲ್ಲಿಸಲಿಲ್ಲ, ತಲೆ ಎತ್ತಲಿಲ್ಲ. ಹೆಚ್ಚುತ್ತಲೇ ಎರಡು ಮಾತು ಹೇಳಿದಳು. ಹುಡುಗಿ ಫೋನನ್ನು ಮತ್ತೆ ಕಿವಿಗೆ ಇಟ್ಟುಕೊಂಡಳು.

"ಇದೀನಿ... ಇತ್ತಂತೆ. ಅವರೂ ಕೌಂಟರಿನವರೇ ಅಂತೆ ಸಿಸ್ಟರ್. ಆಗ ಇದ್ದಿದ್ದು ಈ ಮ್ಯಾನೇಜರ್ ಅವರಪ್ಪ. ಅವರೂ ಅದೇ ಮಾತು ಹೇಳಿದ್ರಂತೆ, ವಾಸಿಯಾಗೋ ತನಕ ಅಂತ."

"ಒಳಗೆ ಬಂದು ಹತ್ತೊಂಬತ್ತು ವರ್ಷ."

"..."

"ಇಲ್ಲ, ವಾಸಿಯಾಯ್ತಂತೆ. ಬಾಣಲೆಯಿಂದ ಹೆಚ್ಚೋ ಕಡೆಗೆ ಬಂದ ಮೇಲೆ ನಿಂತೇಹೋಯ್ತಂತೆ, ಕುಳಿ ಉಳೀತು ಅಷ್ಟೇ. ಮತ್ತೆ ಕೌಂಟರಿಗೆ ಕರೀಲಿಲ್ಲ. ಕರೆಯೋದು ಮರೆತ್ರಂತೆ... ಯಾಕೆ ಕೇಳ್ಲಿಲ್ಲ ಅಂತಾನಾ? ಅದನ್ನು ನಾನು ಹೇಗೆ ಕೇಳಲಿ ಸಿಸ್ಟರ್. ನಾನೂ ಕೇಳಿಲ್ಲ."

"ಚೀಟಿನಾ?... ಬಿಸಿ ಎಣ್ಣೆ ಹತ್ರ ನಿಲ್ಲಿಸಬಾರದು ಅಂತ ಡಾಕ್ಟರ್ ಬರೆದುಕೊಡ್ತಾರಾ... ಬೇಡ ಸಿಸ್ಟರ್. ದಯವಿಟ್ಟು ಬೇಡ. ಸೋಪು ಬದಲಾಯಿಸ್ತೀನಿ, ಕಡಲೆಕಾಳಷ್ಟೇ ಹಚ್ತೀನಿ, ದಿಂಬಿನ ಬಟ್ಟೆ ಒಗೀತೀನಿ, ನೀವು ಹೇಳಿದ್ದೆಲ್ಲಾ ಮಾಡ್ತೀನಿ, ಅದೊಂದು ಬಿಟ್ಟು. ಆ ಚೀಟಿ ಕೊಟ್ರೆ ಮುಂದೆ ನಿಲ್ಲೋಕೆ ಮುಖ ಸರಿಯಿಲ್ಲ, ಒಳಗೆ ನಿಲ್ಲೋಕೆ ಮೈ ಸರಿಯಿಲ್ಲ ಅಂತಾರೆ. ಉಳಿಯೋದು ಬೀದಿ ಬಾಗಿಲು ಒಂದೇ. ಮನೇಲಿ ದುಡಿಯೋಳು ನಾನೊಬ್ಳೇ."

ಟಕ್.

ಕೌಂಟರಿನ ಫೋನು ಎತ್ತಿದ ಸದ್ದು. ಅದರ ಬೆನ್ನಿಗೇ ಮುಂದಿನ ಕೋಣೆಯ ರೇಡಿಯೋ ಸಣ್ಣಗೆ ಕಿವಿಯೊಳಗೆ ಬಂತು, ಯಾರದೋ ಮೂಗಿನ ಉಸಿರು ಬಂತು. ತೂಗುಬಾಗಿಲಿನ ದುಂಡು ಗಾಜಿನಲ್ಲಿ ಮ್ಯಾನೇಜರನ ಮೊಣಕೈ ಕಾಣುತ್ತಿತ್ತು. ಜೇಬಿನಲ್ಲಿ ಆ ಪೆನ್ನು ಕಾಣುತ್ತಿತ್ತು. ನಾಲ್ಕು ಪ್ಯಾಕೆಟ್ ಸಾರ್, ಖಾರ ಬೇರೆ ಸಾರ್, ಎಂಬ ಮಾತು ಅವಳ ನಾಲಿಗೆಯ ತುದಿಗೆ ತಾನಾಗಿಯೇ ಬಂದು ನಿಂತಿತು, ಶನಿವಾರ ಗದ್ದ ಮೇಲೆ ಹೋಗುವ ಹಾಗೆಯೇ. ಅವಳು ಅದನ್ನು ಆಡಲಿಲ್ಲ. ಧೈರ್ಯ ಬಂದಿತ್ತು ಎಂದರೆ ಸುಳ್ಳಾದೀತು. ಹತ್ತೊಂಬತ್ತು ಎಂಬ ಸಂಖ್ಯೆಯೊಂದು ತಲೆಯಲ್ಲಿ ಕೂತಿತ್ತು. ಅದರ ಪಕ್ಕದಲ್ಲಿ ಹೆದರಿಕೆಗೆ ಜಾಗ ಇರಲಿಲ್ಲ.

"ಇದೀನಿ ಸಿಸ್ಟರ್, ಕಟ್ಟಾಗಿಲ್ಲ... ಇನ್ನೊಬ್ರು ಸೇರ್ಕೊಂಡಿದಾರೆ, ಅಷ್ಟೇ. ಕೇಳಿಸ್ಕೊಳ್ಳಲಿ. ನೀವು ಹೇಳಿ, ನಾನೂ ಹೇಳ್ತೀನಿ."

"ಚೀಟಿ ಬರೆಸಿ... ಹಾಂ, ಬೇಕು. ಇವಳ ಮುಖಕ್ಕೆ ಕಾಯಿಲೆ ಅಂತ ಬರೆಸಬೇಡಿ, ಅದನ್ನು ಐದು ತಿಂಗಳಿಂದ ಎಲ್ರೂ ಹೇಳ್ತಾನೇ ಇದಾರೆ. ಮಾಡೋ ಕೆಲಸದಿಂದ ಬಂದದ್ದು ಅಂತ ಬರೆಸಿ. ಹೊಗೆ ಎಳೆಯೋ ಫ್ಯಾನ್ ತಿರುಗಬೇಕು, ಟೋಪಿ ಬಟ್ಟೇದು ಇರಬೇಕು, ಬಾಣಲೆ ಹತ್ರ ಒಬ್ಬರನ್ನೇ ಇಡೀ ದಿನ ನಿಲ್ಲಿಸಬಾರದು ಅಂತ. ಸೀಲು ಹಾಕಿಸಿ, ಚೆನ್ನಾಗಿ ಬೀಳೋ ಹಾಗೆ."

"ಶನಿವಾರ ಬೆಳಿಗ್ಗೆನೇ ಬರ್ತೀನಿ. ಇಲ್ಲಿ ಮುಖ ನೋಡೋದು ಈ ವಾರ ನಾನಿಲ್ದೇ ನಡೀಲಿ... ಒಬ್ಳೇ ಅಲ್ಲ, ದೊಡ್ಡಕ್ಕನ್ನೂ ಕರ್ಕೊಂಡ್ ಬರ್ತೀನಿ. ಎರಡು ಚೀಟಿ."

ಹಿಂದೆ ಚಾಕುವಿನ ಸದ್ದು ನಿಂತಿತು.

"ಇಲ್ಲ ಇಲ್ಲ, ಅವರಿಗೆ ಔಷಧಿ ಬೇಡ. ಅವರದು ವಾಸಿಯಾಗಿದೆ ಅಂದ್ನಲ್ಲ. ಅದನ್ನೇ ಬರೀಬೇಕು ಸಿಸ್ಟರ್, ಡಾಕ್ಟರು ಮುಖ ನೋಡಿ ಬರೀಬೇಕು... ವಾಸಿಯಾಗಿದೆ ಅಂತ. ಎಷ್ಟೋ ವರ್ಷದ ಹಿಂದೇನೇ ಇವರ ಮುಖ ವಾಸಿಯಾಗಿ..."

ದುಂಡು ಗಾಜಿನಲ್ಲಿ ಮ್ಯಾನೇಜರನ ಕೈ ಫೋನಿನ ತಂತಿಯನ್ನು ಗೋಡೆಯಿಂದ ಕಿತ್ತದ್ದು ಕಂಡಿತು; ಕಿವಿಯಲ್ಲಿ ರೇಡಿಯೋವೂ ನಿಂತಿತು.

"ಹಲೋ?... ಸಿಸ್ಟರ್?..."

"ಹಲೋ..."