ಬಾವಿಯಲ್ಲಿದ್ದ ದನಿ

ತಮಿಳು ಸೀಮೆಯ ನಮ್ಮ ಸೂಲೂರಿನಲ್ಲಿ ದೆವ್ವದ ಜೊತೆ ಮಾತಾಡಿ, ಆಮೇಲೆ ಮನೆಗೆ ಬಂದು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡ ಗಂಡಸು ನಾನೊಬ್ಬನೇ. ಸಾಕ್ಷಿಗೆ ನೆರೆಮನೆ ದೊಡ್ಡಯ್ಯ ಇದ್ದ. ಹೋದ ತೈ ತಿಂಗಳಲ್ಲಿ, ಪೊಂಗಲ್ ಹೊತ್ತಿಗೆ, ಅವನೂ ತೀರಿಕೊಂಡ. ಇನ್ನು ನಾನು ಹೇಳಿದ್ದೇ ನಿಜ. ಬಾಗಿಲು ಹಾಕು ಶ್ರೀಜಾ... ಕೇಳು.

ನಮ್ಮ ಬೀದಿ ಸೆಲ್ಲಮ್ಮನ ಮಗಳು ಇಂದುಜಾ. ಚಿಕ್ಕವಳಿದ್ದಾಗ ಆಲದ ಮರದ ಪಕ್ಕದ ಬಾವಿಗೆ ಬಗ್ಗಿ "ಅವ್ವಾ" ಅಂತ ಕೂಗೋಳು. ಬಾವಿ "ವ್ವಾ..." ಅನ್ನೋದು. ಆ ಆಟ ಕಲಿಸಿದ್ದೇ ನಾನು. ದೊಡ್ಡವಳಾಗಿ ಚೆನ್ನೈಗೆ ಹೋದಳು, ತಮಿಳು ಸೀರಿಯಲ್ಲಿಗೆ. ಹನ್ನೊಂದು ವರ್ಷ. ಮೊದಲು ನಾಯಕಿಯ ತಂಗಿ, ಆಮೇಲೆ ಸೊಸೆ, ಕೊನೆಗೆ ರಾತ್ರಿ ಒಂಬತ್ತರ ಸೀರಿಯಲ್ಲಿಗೆ ಅವಳೇ ನಾಯಕಿ. ಪೇಟೆಯ ಗಾಂಧಿಪುರಂನಲ್ಲಿ ಸೀರೆ ಅಂಗಡಿಯವರು ಅವಳ ಮುಖಾನ ಮೂರು ಮಹಡಿ ಎತ್ತರಕ್ಕೆ ಕಟ್ಟಿದ್ದರು.

ಮುಖ ಬೇಕಿತ್ತು ಬಡ್ಡಿಮಕ್ಕಳಿಗೆ. ದನಿ ಬೇಡ! ಅವಳ ತಮಿಳಲ್ಲಿ ಕನ್ನಡದ ವಾಸನೆ ಬರ್ತದಂತೆ. ಇವಳು ತುಟಿ ಆಡಿಸೋದು, ಇನ್ಯಾವಳೋ ಗಾಜಿನ ಕೋಣೆಯಲ್ಲಿ ಕೂತು ಮಾತಾಡೋದು. ಹನ್ನೊಂದು ವರ್ಷವೂ ಹಾಗೇ. ಸೆಲ್ಲಮ್ಮ ದಿನಾ ಟಿವಿ ಮುಂದೆ ಕೂತು, "ಮಗಳು ಕಾಣ್ತಾಳೆ, ಕೇಳಿಸೋದಿಲ್ಲ" ಅನ್ನೋಳು.

ಒಂದು ದಿನ ಶೂಟಿಂಗ್. ಸೀರಿಯಲ್ಲಿನ ತಾಯಿಯ ಹೆಣದ ಮೇಲೆ ಬಿದ್ದು "ಅಮ್ಮಾ" ಅಂತ ಅಳಬೇಕು. ಇವಳ ಬಾಯಿಂದ "ಅವ್ವಾ" ಅಂತ ಬಂದುಬಿಡ್ತು. ಅಳುವಾಗ ಯಾರಿಗೆ ತಮಿಳು ನೆನಪಿರ್ತದೆ? ಡೈರೆಕ್ಟರ್ ನಕ್ಕ. ಲೈಟು ಹಿಡಿಯೋನೂ ನಕ್ಕ. ಇವಳು ಕೈಮುಗಿದಳು. "ಈ ಒಂದು ಮಾತು ನನ್ನ ದನಿಯಲ್ಲೇ ಇರಲಿ ಸಾರ್, ಅವ್ವ ಕೇಳ್ತಾಳೆ." ಆಯ್ತಮ್ಮ ಅಂದ. ತಕ್ಷಣ ಅವ್ವನಿಗೆ ಫೋನು: "ಶುಕ್ರವಾರ ಕೇಳವ್ವ, ಆ ಕೂಗು ನಂದೇ." ಅದನ್ನ ಅವ್ವನ ಪಕ್ಕ ಕೂತೇ ನೋಡಬೇಕು ಅಂತ ಬುಧವಾರ ಕಾರು ಹತ್ತಿದಳು. ಅವಿನಾಶಿ ಊರ ಹತ್ತಿರ ಲಾರಿ ಗುದ್ದಿ...

ಶುಕ್ರವಾರ ಬಂತು. ನಾನೂ ದೊಡ್ಡಯ್ಯನೂ ಬಾವಿ ದಾರಿಯಲ್ಲಿ ಮನೆಗೆ ಬರ್ತಿದ್ದೆವು. ಮನೆಮನೆಯಿಂದ ಟಿವಿ ಸದ್ದು. ಸೋಮವಾರದಿಂದ ಇವಳ ಬದಲು ಇನ್ನೊಬ್ಬಳು ಅಂತ ಆಗಲೇ ತೋರಿಸಿದ್ದರಂತೆ. ಚಿತೆಯ ಬೂದಿ ಆರಿರಲಿಲ್ಲ ಕಣೇ! ಆಮೇಲೆ ಆ ಅಳು. ಹತ್ತು ಮನೆಯಿಂದ ಒಟ್ಟಿಗೆ... "ಅಮ್ಮಾ!"

ಆ ಇನ್ಯಾವಳದೋ ದನಿ. ಕೊಟ್ಟ ಮಾತು ತಪ್ಪಿದ್ದರು.

ಸೆಲ್ಲಮ್ಮನ ಮನೆಯಲ್ಲಿ 'ಠಣ್' ಅಂತ ಲೋಟ ಬಿತ್ತು. 'ಟಪ್'... ಇಡೀ ಬೀದಿಯ ಕರೆಂಟು ಹೋಯ್ತು.

ಬಾವಿಯ ರಾಟೆ 'ಕಿರ್ರ್...' ಅಂತು. ಗಾಳಿ ಇರಲಿಲ್ಲ. ಕಟ್ಟೆ ಮೇಲೆ ಇಂದುಜಾ.

"ಓಡೋಣ," ದೊಡ್ಡಯ್ಯ ಪಿಸುಗುಟ್ಟಿದ.

"ಸುಮ್ಮನಿರೋ." ನಾನು ಮುಂದೆ ಹೋದೆ. "ಏನು ಬೇಕು ಮಗಳೇ, ನನ್ನ ಕಣ್ಣು?"

ತುಟಿ ಅಲ್ಲಾಡಿತು. ದನಿ... ಆಮೇಲೆ ಬಂತು. ತಮಿಳು. ಆ ಇನ್ಯಾವಳದೇ.

"ಎನ್ ಕುರಲ್, ಮಾಮಾ." ನನ್ನ ದನಿ, ಅಂತ.

ಸತ್ತ ಮೇಲೂ ಅವಳಿಗೆ ಅವಳ ದನಿ ಬಿಟ್ಟಿರಲಿಲ್ಲ, ಪಾಪಿಗಳು! ನನಗೆ ಮೈ ಉರಿದುಹೋಯ್ತು. "ನಿನ್ನ ದನಿ ಇಲ್ಲೇ ಇಟ್ಟಿದ್ದೆಯಲ್ಲಮ್ಮ," ಅಂದೆ. "ಬಗ್ಗಿ ಕೂಗು."

ಬಗ್ಗಿದಳು. ಬಾಯಿ ತೆರೆದಳು. ಸದ್ದಿಲ್ಲ... ಸದ್ದಿಲ್ಲ... ಆಮೇಲೆ ಕೆಳಗಿನಿಂದ, ನೀರಿನಿಂದ...

"ವ್ವಾ..."

ಅವಳದೇ. ಅಳು ಅಲ್ಲ ಅದು, ಸಿಟ್ಟು. ಹನ್ನೊಂದು ವರ್ಷದ್ದು. ಆಲದ ಮರದ ಬಾವಲಿಗಳೆಲ್ಲ 'ಫಟಫಟ' ಎದ್ದುಹೋದವು. ಕಟ್ಟೆ ಮೇಲೆ ಯಾರೂ ಇಲ್ಲ.

ಸೆಲ್ಲಮ್ಮನ ಮನೆಗೆ ಓಡಿದೆವು. ಕತ್ತಲಲ್ಲಿ ಅವಳು ಟಿವಿ ಗಾಜಿಗೆ ಅಂಗೈ ಒತ್ತಿ ಕೂತಿದ್ದಳು. ಒಳಗಿನಿಂದ ಮೆಲ್ಲಗೆ... "ಅವ್ವಾ... ಅವ್ವಾ..."

"ಕೇಳಿಸ್ತು ಕಣ್ಣು," ಅಂತಿದ್ದಳು ಸೆಲ್ಲಮ್ಮ. "ಕೇಳಿಸ್ತು."

ಟಿವಿ ವೈರನ್ನ ಅವಳು ಸಿಟ್ಟಲ್ಲಿ ಗೋಡೆಯಿಂದ ಕಿತ್ತುಹಾಕಿದ್ದಳು. ಲೋಟದ ಪಕ್ಕ ನೆಲದ ಮೇಲೆ ಬಿದ್ದಿತ್ತು. ಈ ಎರಡು ಕಣ್ಣಲ್ಲಿ ನೋಡಿದ್ದು. ಸುಳ್ಳಾದ್ರೆ ನಾಲಿಗೆ ಬಿದ್ದುಹೋಗಲಿ.

"ತಾತ," ಅಂದಳು ಶ್ರೀಜಾ, "ಆ ವಾರ ನೀವು ಕಣ್ಣಿನ ಆಪರೇಷನ್ ಆಗಿ, ಕಟ್ಟು ಹಾಕಿಸಿಕೊಂಡು ಪೇಟೆಯಲ್ಲಿ, ಆರ್.ಎಸ್. ಪುರಂನ ನಮ್ಮನೇಲಿ ಮಲಗಿದ್ರಲ್ಲ?"

ನಾನು ಅವಳ ತಲೆಗೆ ಮೊಟಕಿದೆ.

"ಕಣ್ಣಿಗೆ ತಾನೇ ಕಟ್ಟಿದ್ದು? ಕಿವಿಗೆ ಕಟ್ಟಿದ್ರಾ? ಅಲ್ಲಿಗೂ ಕೇಳಿಸ್ತು."