ಮೇಲ್ಮನೆ ಉಳಿಸಿಕೊಟ್ಟ ಬೇಸಿಗೆ

ಮೇಲ್ಮನೆ ಇರಬೇಕೋ ಬೇಡವೋ ಎಂದು ಜನರೇ ಮತ ಹಾಕುವ ದಿನ. ಶಾಲೆಯ ಪಡಸಾಲೆಯಲ್ಲಿ ಸಾಲು ತೆವಳುತ್ತಿತ್ತು. ಬೇಡವೆಂದೇ ಮನಸ್ಸು ಮಾಡಿ ಬಂದಿದ್ದ ದರ್ಜಿ ಹೆಂಗಸಿನ ಮುಂದೆ ಒಬ್ಬ ಅಕ್ಕ, ಅವಳ ತಮ್ಮ ನಿಂತಿದ್ದರು.

"ಬೇಗ ಮುಗಿಸಕ್ಕ, ಅಂಗಡಿ ತೆಗೀಬೇಕು. ಬೇಡ ಅಂತ ಒತ್ತಿದ್ರೆ ಆಯ್ತು."

"ಯಾಕೋ ಬೇಡ?"

"ಅವರನ್ನ ಆರಿಸಿದ್ಯಾರು? ನೀನಾ, ನಾನಾ? ಕೂತಲ್ಲೇ ತೂಕಡಿಸೋ ಮುದುಕರು. ಬಂದ ಕಾನೂನಿಗೆಲ್ಲ ಅಡ್ಡಗಾಲು."

"ಅಮ್ಮ ಇದ್ದ ಆಸ್ಪತ್ರೆ ಮುಚ್ಚೋ ಕಾನೂನಿಗೂ ಅವರೇ ಅಡ್ಡಗಾಲು ಹಾಕಿದ್ದು."

"ಹಾಕಿ ಏನಾಯ್ತು? ಕೊನೆಗೆ ಮುಚ್ಚಿದ್ರಲ್ಲ!"

"ಮುಚ್ಚಿದ್ರು. ಒಂದು ಸಲ ವಾಪಸ್ ಕಳಿಸಬಹುದು, ಅಷ್ಟೇ ಅವರ ಅಧಿಕಾರ. ಅಷ್ಟರಲ್ಲಿ ಒಂದು ಬೇಸಿಗೆ ಕಳೀತು."

"ಒಂದು ಬೇಸಿಗೆ! ಭಾರೀ ಉಪಕಾರ."

"ನೀನು ಮುನಿಸು ಬಿಟ್ಟು ಅಮ್ಮನ್ನ ನೋಡೋಕೆ ಬಂದಿದ್ದು ಯಾವಾಗ?"

ತಮ್ಮ ಕೈಲಿದ್ದ ಅಂಗಡಿಯ ಬೀಗದಕೈಯನ್ನು ಜೇಬಿಗೆ ಹಾಕಿಕೊಂಡ.

"ಆ ಬೇಸಿಗೇಲೇ ಕಣೋ. ನಿನ್ನ ಕೈಯಿಂದ ನೀರು ಕುಡಿದು, ಅದೇ ಹಾಸಿಗೇಲಿ ಕಣ್ಣು ಮುಚ್ಚಿದ್ಲು. ಆಸ್ಪತ್ರೆ ಮೊದಲೇ ಮುಚ್ಚಿದ್ದಿದ್ರೆ ಅವಳನ್ನ ಯಾವೂರಿಗೆ ಸಾಗಿಸ್ತಿದ್ರೋ, ದಾರೀಲೇ…"

"ಸಾಕಕ್ಕ."

"ಮುಂದಿನವರು ಬನ್ನಿ," ಎಂದು ಬಾಗಿಲ ಕಾವಲಿನವ ಕರೆದ. ತಮ್ಮನ ಸರದಿ. ಅವನು ತೋಳಿಗೆ ಮುಖ ಒರೆಸಿಕೊಂಡು ಗೋಡೆಗೆ ಸರಿದ.

"ನೀನು ಹೋಗಿರು. ನಾನು ಸ್ವಲ್ಪ ತಡೆದು ಬರ್ತೀನಿ."

"ಅಂಗಡಿ?"

"ಇರ್ಲಿ ಬಿಡು."

ಅಕ್ಕ ಅವನ ಬೆನ್ನು ಸವರಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅವನೂ ಹೋದ. ಮುಂದಿನ ಸರದಿ ದರ್ಜಿಯದು. ಆಕೆ ತನ್ನ ಹಿಂದಿದ್ದವರಿಗೆ ದಾರಿ ಬಿಟ್ಟು, ಅವನು ಒರಗಿದ್ದ ಗೋಡೆಗೇ ಒರಗಿ ನಿಂತಳು.