ಗುರುವಾರ ಸಂಜೆ ಈ ಭವನ ಯಾರದು?

ಸಮುದಾಯ ಭವನ ಸಮಿತಿಯ ಅಧ್ಯಕ್ಷರಾದ ಶ್ರೀ ಮಲ್ಲಯ್ಯನವರೇ, ವೇದಿಕೆಯ ಮೇಲಿರುವ ಹಿರಿಯರೇ, ನನ್ನೊಡನೆ ಸನ್ಮಾನಿತರಾದ ನಿವೃತ್ತ ನೌಕರ ಮಿತ್ರರೇ, ತಿ. ನರಸೀಪುರದಿಂದಲೂ ನನ್ನ ಹುಟ್ಟೂರು ಹೆಮ್ಮಿಗೆಯಿಂದಲೂ ಬಂದಿರುವ ತಾಯಂದಿರೇ, ಸಭಿಕರೇ,

ನನಗೆ ಶಾಲು ಹೊದಿಸಿ, ಕಾಲೇಜಿನ ದಿನಗಳ ಚರ್ಚಾಪಟು ಎಂದು ಪರಿಚಯಿಸಿದಿರಿ. ಅದು ನಿಜ. ಪಾನನಿರೋಧದ ವಿಷಯದಲ್ಲಿ ನಾನು ಪರವಾಗಿಯೂ ಗೆದ್ದಿದ್ದೇನೆ, ವಿರೋಧವಾಗಿಯೂ ಗೆದ್ದಿದ್ದೇನೆ. ಆದರೆ ಕೃತಜ್ಞತೆ ಹೇಳುವ ಮೊದಲು ಒಂದು ಪ್ರಶ್ನೆ ಕೇಳಬೇಕಾಗಿದೆ. ಇಂದು ಗುರುವಾರ. ಗುರುವಾರ ಸಂಜೆ ಆರು ಗಂಟೆಗೆ ಈ ಭವನ ಯಾರದು?

ಕುಡಿತ ಬಿಟ್ಟವರೂ ಬಿಡಬೇಕೆಂದಿರುವವರೂ ವಾರಕ್ಕೊಮ್ಮೆ ಇಲ್ಲಿ ಸಭೆ ಸೇರುತ್ತಾರೆ. ಸಮಿತಿಯೇ ಒಪ್ಪಿಕೊಟ್ಟ ವೇಳೆ ಅದು. ಇಂದು ಅವರ ಸಭೆ ಎಲ್ಲಿ ಎಂದು ಬಾಗಿಲಲ್ಲೇ ಅಧ್ಯಕ್ಷರನ್ನು ಕೇಳಿದೆ. "ಅವ್ರೇನ್ ಸಾ, ಏಳೆಂಟು ಜನ. ಎಲ್ಲಾದ್ರೂ ಕೂತ್ಕತಾರೆ ಬುಡಿ" ಎಂದರು. ಮಲ್ಲಯ್ಯನವರೇ, ಎಲ್ಲಾದರೂ ಕೂರಬೇಕೆಂದರೆ ಅವರಿಗೆ ಬ್ರಾಂದಿ ಅಂಗಡಿಯಿದೆ. ಅಲ್ಲಿ ಯಾವ ದಿನವೂ ಜಾಗವಿಲ್ಲ ಎನ್ನುವುದಿಲ್ಲ.

ನನ್ನ ಮಗ ಅಮೃತೇಶನನ್ನು ನಿಮ್ಮಲ್ಲಿ ಬಹಳ ಜನ ಬಲ್ಲಿರಿ. ಒಂದು ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಅವನೇ ಹೇಳಿದ: "ಅವ್ವ, ನನ್ ಕೈಲಿ ಒಬ್ನೇ ಬುಡಕ್ಕಾಗ್ತಿಲ್ಲ." ನನಗಲ್ಲ, ಅವ್ವನಿಗೆ. ನಾನು ಪಡಸಾಲೆಯಲ್ಲೇ ಪತ್ರಿಕೆ ಓದುತ್ತಿದ್ದೆ.

ಅಂದಿನಿಂದ ಇಂಥ ಸಭೆ ಎಲ್ಲಿದೆಯೆಂದು ಹುಡುಕಿದೆವು. ಬ್ರಾಂದಿ ಅಂಗಡಿ ಎಲ್ಲಿ ಎಂದರೆ ದಾರಿಹೋಕನೂ ಕೈತೋರುತ್ತಾನೆ. ಬಿಡುವವರ ಸಭೆ ಎಲ್ಲಿ ಎಂದರೆ ಎಲ್ಲರೂ ನನ್ನ ಮುಖ ನೋಡಿದರು. ಒಬ್ಬರು, ಕುಡಿತ ಬಿಡಿಸಲು ಸಾರಿನಲ್ಲಿ ಕಲಸುವ ಪುಡಿ ಮಾರುವವನ ವಿಳಾಸ ಕೊಟ್ಟರು. ಇನ್ನೊಬ್ಬರು, ಮದುವೆ ಮಾಡಿ, ಸರಿಹೋಗುತ್ತಾನೆ ಎಂದರು. ಅವನಿಗೆ ಮದುವೆಯಾಗಿ ಎಷ್ಟೋ ಕಾಲವಾಗಿತ್ತು. ಆ ಮಹನೀಯರು ಬಂದು ಉಂಡೂ ಹೋಗಿದ್ದರು. ಕಡೆಗೆ ಔಷಧಿ ಅಂಗಡಿಯಲ್ಲಿ ನಮ್ಮ ಹಿಂದೆ ನಿಂತಿದ್ದ ಕವಲಂದೆಯವರೊಬ್ಬರು, ನಂಜನಗೂಡಿನಲ್ಲಿದೆ, ಭಾನುವಾರ ಬನ್ನಿ ಎಂದು ಮೆಲ್ಲಗೆ ಹೇಳಿದರು. ಅವರ ಹೆಸರನ್ನು ಹೇಳಲಾರೆ. ಹೆಸರು ಹೊರಹಾಕದಿರುವುದು ಆ ಸಭೆಯ ನಿಯಮ.

ವಾರವಾರವೂ ಬಸ್ಸಿನಲ್ಲಿ ಅವನನ್ನು ಕರೆದುಕೊಂಡು ಹೋದೆ. ನಂಜನಗೂಡು ಮುಟ್ಟುವವರೆಗೂ ಕುಡಿತದ ಕೇಡನ್ನು ಅಂಶ ಅಂಶವಾಗಿ ವಿವರಿಸುತ್ತಿದ್ದೆ. ಪ್ರತಿ ಅಂಶದಲ್ಲೂ ನಾನೇ ಗೆಲ್ಲುತ್ತಿದ್ದೆ. ಮನೆಯವರೂ ಬಂದು ಕೂರಬಹುದು ಎಂದು ಆ ಸಭೆಯವರು ಹೇಳಿದ್ದರು. ಆದರೂ ನಾನು ಎದುರಿನ ಟೀ ಅಂಗಡಿಯಲ್ಲಿರುತ್ತಿದ್ದೆ. ಒಳಗೆ ಕಂಡರೆ ನನ್ನನ್ನೂ ಕುಡುಕನೆಂದಾರು, ಅಲ್ಲವೇ? ಅವನು ಹೊರಬರುವಾಗ ಮುಖ ಹಗುರವಾಗಿರುತ್ತಿತ್ತು. ಒಳಗೆ ನಿನಗೆ ಏನು ಹೇಳುತ್ತಾರೆ ಎಂದು ಒಮ್ಮೆ ಕೇಳಿದೆ. "ಏನೂ ಯೋಳಲ್ಲ ಕಣಪ್ಪ. ಕೇಳುಸ್ಕತಾರೆ" ಎಂದ. ಇದೆಂಥ ಚಿಕಿತ್ಸೆಯೋ ನನಗೆ ಅರ್ಥವಾಗಲಿಲ್ಲ. ಆದರೆ ಅವನು ಕುಡಿಯುವುದನ್ನು ಬಿಟ್ಟಿದ್ದ.

ಅಲ್ಲಿಗೆ ಹೋಗಿಬರುತ್ತಿದ್ದವರೇ ಸೇರಿ ಇಲ್ಲಿಯೂ ಗುರುವಾರದ ಸಭೆ ಆರಂಭಿಸಿದರು. ಒಂದು ಗುರುವಾರ ಅಮೃತೇಶ ಬಂದಾಗ ಇಲ್ಲಿ ಸಭೆಯಿರಲಿಲ್ಲ, ಬೀಗರೂಟವಿತ್ತು. ಸಮಿತಿ ಭವನವನ್ನು ಆ ಮನೆಯವರಿಗೆ ಕೊಟ್ಟಿತ್ತು. ಸಭೆಯವರಿಗೆ ಒಂದು ಮಾತೂ ತಿಳಿಸಿರಲಿಲ್ಲ. ಬಾಗಿಲಿಗೆ ಬಂದವನನ್ನು ಉಣ್ಣದೆ ಕಳುಹಿಸುವ ಊರೇ ನಮ್ಮದು? ಊಟಕ್ಕೆ ಮುನ್ನ ಭವನದ ಹಿಂಬದಿಗೆ ಕರೆದರು. ಬೀಗರೂಟದ ದಿನ ಅಲ್ಲಿ ಏನಿರುತ್ತದೆಂದು ನಾನು ನಿಮಗೆ ಹೇಳಬೇಕೇ? ಹೆಣ್ಣಿನ ಸೋದರಮಾವ ಲೋಟ ಹಿಡಿದು ಅಂದರಂತೆ: "ನಮ್ ಬೀಗ್ರೂಟ್ದಲ್ಲಿ ಬ್ಯಾಡ ಅಂದ್ರೆ ನಮ್ ಮರ್ವಾದೆ ಏನಾದದ್ಲಾ?" ಅವರು ಕೆಟ್ಟವರಲ್ಲ. ಮರ್ಯಾದಸ್ಥರು. ನಾವೆಲ್ಲರೂ ಮರ್ಯಾದಸ್ಥರು.

ಅಂದು ಮತ್ತೆ ಹಿಡಿದದ್ದು ಅವನನ್ನು ಬಿಡಲಿಲ್ಲ. ನಾಚಿಕೆಯಿಂದ ಸಭೆಗೂ ಹೋಗಲಿಲ್ಲ. ಅವನ ತಿಥಿಗೆ ನೀವೆಲ್ಲ ಬಂದಿದ್ದಿರಿ. ಒಂದು ಊಟದಿಂದ ಒಬ್ಬ ಮನುಷ್ಯ ಸಾಯುತ್ತಾನೆಯೇ ಎಂದು ಎದುರುಪಕ್ಷದವರು ಕೇಳಬಹುದು. ಒಳ್ಳೆಯ ಪ್ರಶ್ನೆ. ನನ್ನಲ್ಲಿ ಉತ್ತರವಿಲ್ಲ.

ಬೇಡಿಕೆಯಿದೆ. ಗುರುವಾರ ಸಂಜೆ ಈ ಭವನವನ್ನು ಮದುವೆಗೆ ಕೊಡಬೇಡಿ, ನಾಮಕರಣಕ್ಕೆ ಕೊಡಬೇಡಿ, ನನ್ನಂಥವರ ಸನ್ಮಾನಕ್ಕಂತೂ ಕೊಡಲೇಬೇಡಿ. ಠರಾವನ್ನು ನಾಳೆ ಮಾಡಿ. ಈಗ ಆರು ಗಂಟೆಯಾಗಿದೆ. ಇನ್ನೂ ಮೂವರು ಮಾತನಾಡುವವರಿದ್ದಾರೆ. ಅವರ ಕ್ಷಮೆ ಕೋರುತ್ತೇನೆ. ಉಪಾಹಾರ ಹೊರಗಿನ ಶಾಮಿಯಾನದಲ್ಲಿ ಸಿದ್ಧವಿದೆ, ಭಾಷಣವನ್ನೂ ಅಲ್ಲೇ ಮಾಡಬಹುದು. ದಯವಿಟ್ಟು ಏಳಿ.

ಆ ಸಭೆಗೆಂದು ಬಂದವರನ್ನು ನಮ್ಮ ಸ್ವಯಂಸೇವಕರು ಸನ್ಮಾನಕ್ಕೆ ಬಂದವರೆಂದು ತಿಳಿದು, ಕುರ್ಚಿ ತೋರಿಸಿ ಕೂರಿಸಿದ್ದಾರೆಂದು ಕಾಣುತ್ತದೆ. ಅವರು ಕೂತಲ್ಲೇ ಇರಲಿ. ಹೋಗುವವರು, ಯಾರು ಉಳಿದರೆಂದು ತಿರುಗಿ ನೋಡಬೇಡಿ. ನೋಡಲೇಬೇಕೆನ್ನಿಸಿದರೆ ನನ್ನನ್ನು ನೋಡಿ. ನಾನು ವೇದಿಕೆಯಿಂದ ಇಳಿದು ಮೊದಲ ಸಾಲಿನಲ್ಲಿ ಕೂತಿರುತ್ತೇನೆ.

ಶಾಲಿಗೂ ನಿಮ್ಮ ಸಹನೆಗೂ ನಾನು ಋಣಿ. ಕೊನೆಗೆ ಹೋಗುವವರು ಬಾಗಿಲು ಮುಂದಕ್ಕೆಳೆದುಕೊಂಡು ಹೋಗಿ. ನಮಸ್ಕಾರ.